ಮಾರ್ಲಿಸಳ ಮಂಚದ ಧೂಳು

ತನ್ನ ಗಂಡನ ಮೇಲೆ ಸಿಟ್ಟಾಗುವ ಹಕ್ಕು ತನಗೊಬ್ಬಳಿಗೇ ಇರುವುದೆಂದು ಮಾರ್ಲಿಸ್ ನಂಬಿದ್ದಳು. ಆ ಹಕ್ಕನ್ನು ಅವಳು ಸ್ವಂತ ಅಪ್ಪನಿಗೂ ಬಿಟ್ಟುಕೊಟ್ಟವಳಲ್ಲ. ಅಪ್ಪನ ಮನೆಯ ಊಟದ ಮೇಜಿಗೆ ಫೋರ್ಕು ಕುಟ್ಟಿ ಅವಳು ಶಪಥ ಮಾಡಿದ್ದು ಅದಕ್ಕೇ.

ಅಪ್ಪ ಓರ್ವಿಲ್‌ಗೆ ಅಮೆರಿಕದ ನಾರ್ಬಿ ಎಂಬ ಪುಟ್ಟ ಊರಿನ ಒಂದೇ ಒಂದು ಹಾರ್ಡ್‌ವೇರ್ ಅಂಗಡಿ ಇತ್ತು. ಮದುವೆಯಾದಂದಿನಿಂದ ಮಾರ್ಲಿಸಳ ಗಂಡ ವೆಂಡೆಲ್ ಅಲ್ಲಿ ಸಂಬಳಕ್ಕಿದ್ದ. ಅವನ ಕೈಗೆ ಸಿಕ್ಕರೆ ಎರಡಿಂಚಿನ ಮೊಳೆಯೂ ಮೂರಿಂಚಿನ ಮೊಳೆಯೂ ಒಡಹುಟ್ಟಿದವರ ಹಾಗೆ ಒಂದೇ ಡಬ್ಬಿಯಲ್ಲಿ ಮಲಗುತ್ತಿದ್ದವು. ಓರ್ವಿಲ್ ಬೈಯುತ್ತಿರಲಿಲ್ಲ. ಅಂಗಡಿ ಮುಚ್ಚಿದ ಮೇಲೆ ದೀಪದ ಕೆಳಗೆ ಕೂತು, ನಿಟ್ಟುಸಿರು ಬಿಡುತ್ತ, ಎಲ್ಲವನ್ನೂ ಮತ್ತೆ ಬೇರೆ ಮಾಡುತ್ತಿದ್ದ. ಆ ನಿಟ್ಟುಸಿರು ಮಾರ್ಲಿಸಳ ಕಿವಿಗೆ ಬೈಗುಳಕ್ಕಿಂತ ಜೋರಾಗಿ ಕೇಳುತ್ತಿತ್ತು.

ಆ ಭಾನುವಾರ ವೆಂಡೆಲ್ ಆಲೂಗಡ್ಡೆಯ ಬಟ್ಟಲನ್ನು ಪಕ್ಕಕ್ಕೆ ದಾಟಿಸುತ್ತ, ತಾನು ಅಂಗಡಿ ಬಿಟ್ಟು ಮನೆಮನೆಗೆ ಹೋಗಿ ವ್ಯಾಕ್ಯೂಮ್ ಕ್ಲೀನರ್ ಮಾರುವ ಕೆಲಸಕ್ಕೆ ಸೇರಿದ್ದೇನೆ ಎಂದ. ಸಂಬಳ ಎಷ್ಟು ಎಂದು ಮಾವ ಕೇಳಿದ. ಸಂಬಳವಿಲ್ಲ, ಮಾರಿದರೆ ಕಮಿಷನ್, ಮಾರದಿದ್ದರೆ ಅನುಭವ ಎಂದು ಅಳಿಯ ಹೇಳಿದ.

ಓರ್ವಿಲ್ ತಟ್ಟೆಗೆ ಆಲೂಗಡ್ಡೆ ಹಾಕಿಕೊಂಡ. "ಹೂಂ. ಅದೂ ಒಂಥರಾ ಚೆನ್ನಾಗಿದೆ" ಎಂದ.

ನಾರ್ಬಿಯಲ್ಲಿ ಯಾರೂ ಯಾರಿಗೂ 'ಬೇಡ' ಅನ್ನುವುದಿಲ್ಲ. ಚಳಿಗಾಲದಲ್ಲಿ ಪಕ್ಕದ ಮನೆಯವರ ನೆರವಿಲ್ಲದೆ ಹಿಮದಡಿ ಹೂತ ಕಾರು ಈಚೆಗೆ ಬಾರದಂಥ ಊರದು. ಆ ಮಾತನ್ನು ಅಷ್ಟು ಅಗ್ಗವಾಗಿ ಖರ್ಚು ಮಾಡಲಾಗದು. ಇಷ್ಟವಾಗದ ಟೋಪಿ, ಇಷ್ಟವಾಗದ ಪಾದ್ರಿ, ಇಷ್ಟವಾಗದ ಸೊಸೆ, ಎಲ್ಲವೂ ಅಲ್ಲಿ ಒಂಥರಾ ಚೆನ್ನಾಗಿಯೇ ಇರುತ್ತವೆ. ಹಾಗೆಂದರೆ, ದಯವಿಟ್ಟು ಇದನ್ನು ನನ್ನ ಕಣ್ಣ ಮುಂದಿನಿಂದ ಒಯ್ಯಿರಿ ಎಂದು.

ಮಾರ್ಲಿಸಳ ನೆತ್ತಿಗೆ ಸಿಟ್ಟು ಏರಿತು. "ಕೇಳಪ್ಪ, ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಊಟಕ್ಕೆ ನಾವು ಇಲ್ಲಿಗೆ ಬರೋ ಹೊತ್ತಿಗೆ ಇವನ ಕಡೆಯಿಂದ ಒಂದಾದ್ರೂ ಯಂತ್ರ ಮಾರಾಟ ಆಗಿರತ್ತೆ. ಆಗದೇ ಇದ್ರೆ ನಾನೇ ಇವನ ಕೈ ಹಿಡ್ಕೊಂಡು ಬಂದು ನಿನ್ನ ಅಂಗಡೀಲಿ ಬಿಡ್ತೀನಿ. ಆಮೇಲೆ ಜೀವ ಇರೋ ತನಕ ನಿನ್ನ ಮೊಳೆ ವಿಂಗಡಿಸ್ಕೊಂಡು ಇರ್ಲಿ."

ಅಪ್ಪನ ಮುಖ ಬಿಳಿಚಿಕೊಂಡಿತು. ತನ್ನ ಮಾತಿನ ಪೆಟ್ಟು ಸರಿಯಾಗಿ ಬಿದ್ದಿದೆ ಎಂದುಕೊಂಡು ಮಾರ್ಲಿಸ್ ಇನ್ನೊಂದು ತುಂಡು ರೊಟ್ಟಿ ತೆಗೆದುಕೊಂಡಳು.

ಯಂತ್ರ ಮನೆಗೆ ಬಂತು. ಹೊಳೆಯುವ ಲೋಹದ ಮೈ, ಒಂದು ಹೋರಿಯ ತೂಕ, ಹೋರಿಯದೇ ಗುಟುರು. ಅದರ ಜೊತೆಗೆ ಕಂಪನಿಯ ಮ್ಯಾನೇಜರ್ ಟ್ರೆಂಟ್ ಎಂಬವನ ದನಿ ತುಂಬಿದ ಕ್ಯಾಸೆಟ್ಟುಗಳು ಬಂದವು. ಕಮಿಷನ್ ಕೆಲಸದಲ್ಲಿ ಗೆಲ್ಲುವ ಗುಟ್ಟುಗಳೆಲ್ಲ ಅವುಗಳಲ್ಲಿದ್ದವು. ಟ್ರೆಂಟ್ ಬೆಳಗಿನ ಕಾಫಿಯ ಜೊತೆ ಮಾತಾಡಿದ, ಪಾತ್ರೆ ತೊಳೆಯುವಾಗ ಮಾತಾಡಿದ, ವೆಂಡೆಲ್ ಕ್ಷೌರ ಮಾಡಿಕೊಳ್ಳುವಾಗ ಬಚ್ಚಲಿನ ಬಾಗಿಲಾಚೆಯಿಂದಲೂ ಮಾತಾಡಿದ. ಸಂಬಳ ಎನ್ನುವುದು ನಿದ್ದೆಯವರಿಗೆ ಕೊಡುವ ದಿಂಬು ಎಂದ. ಏಳು ಸಲ ಬೇಡ ಅನ್ನುವವರೆಗೂ ಗಿರಾಕಿ ಬೇಡ ಅಂದಂತಲ್ಲ ಎಂದ. ಬಾಗಿಲಲ್ಲಿ ನಗುತ್ತ ನಿಲ್ಲು, ಹಲ್ಲು ಒಣಗಿದರೂ ನಗು ನಿಲ್ಲಿಸಬೇಡ ಎಂದ. ಮಾರ್ಲಿಸ್ ತನ್ನ ಮದುವೆಯಲ್ಲಿ ಮೂರನೆಯವನೊಬ್ಬ ಬಂದು ಕೂತನೆಂದು ಗೊಣಗಿದಳು. ಆದರೆ ಶಪಥ ತನ್ನದೇ ಆದ್ದರಿಂದ ಟೇಪು ನಿಲ್ಲಿಸಲಿಲ್ಲ.

ಯಂತ್ರ ತೋರಿಸುವ ವಿಧಾನ ಹೀಗಿತ್ತು. ಅದರ ಮೂತಿಯ ಹಿಂದೆ ಅಂಗೈಯಗಲದ ಬಿಳಿ ಬಟ್ಟೆಯ ಬಿಲ್ಲೆಯೊಂದನ್ನು ಇಡಬೇಕು. ಗಿರಾಕಿಯ ಹಾಸಿಗೆಯ ಮೇಲೆ ಒಂದಿಷ್ಟು ಹೊತ್ತು ಯಂತ್ರ ಓಡಿಸಬೇಕು. ಆಮೇಲೆ ಬಿಲ್ಲೆ ತೆಗೆದು, ಅದರ ಮೇಲೆ ಬೂದಿಯ ಹಾಗೆ ಕೂತ ಧೂಳನ್ನು ಮನೆಯೊಡತಿಯ ಪಾದದ ಬಳಿ ಇಡಬೇಕು. ಇನ್ನೊಂದು ಬಿಲ್ಲೆ, ಅದರ ಪಕ್ಕ ಮತ್ತೊಂದು. ಕೋಣೆಯ ತುಂಬ ಅವಳದೇ ಮನೆಯ ಕೊಳೆ ಸಾಲಾಗಿ ಕೂತ ಮೇಲೆ ಅವಳು ನಾಚಿಕೆಯಿಂದ ಸಹಿ ಹಾಕುತ್ತಾಳೆ ಎನ್ನುವುದು ಟ್ರೆಂಟನ ಭರವಸೆ.

ಮೊದಲ ಅಭ್ಯಾಸ ಅವರ ಸ್ವಂತ ಮಂಚದ ಮೇಲೆಯೇ ನಡೆಯಿತು. ಬಂದ ಧೂಳನ್ನು ಮಾರ್ಲಿಸ್ ಬಗ್ಗಿ ನೋಡಿದಳು. ಅಷ್ಟೂ ವರ್ಷ ತಾವಿಬ್ಬರೂ ಇಂಥ ಮೆತ್ತನೆಯ ಬೂದಿಯ ಮೇಲೆ ಮಲಗಿದ್ದೆವಲ್ಲ ಎಂದು ಅವಳಿಗೆ ಯೋಚನೆಯಾಯಿತು. ಆಮೇಲೆ ಬಿಲ್ಲೆಗಳನ್ನು ಕಸಕ್ಕೆ ಹಾಕು ಎಂದು ಗಂಡನಿಗೆ ಹೇಳಿ ಅಡಿಗೆಗೆ ಹೋದಳು.

ಹೇಳಿ ಹೋದಳು, ಹಾಕಿದನೋ ಎಂದು ನೋಡಲಿಲ್ಲ.

ಮರುದಿನದಿಂದ ವೆಂಡೆಲ್ ಊರು ಸುತ್ತತೊಡಗಿದ. ಸಂಜೆ ಬಂದಾಗಲೆಲ್ಲ ಮುಖ ಅರಳಿರುತ್ತಿತ್ತು. ಎಲ್ಲರೂ ಒಳಗೆ ಕರೆಯುತ್ತಾರೆ, ಕಾಫಿ ಕೊಡುತ್ತಾರೆ, ಪೂರ್ತಿ ಕೇಳುತ್ತಾರೆ, ಒಬ್ಬರೂ ಬೇಡ ಅಂದಿಲ್ಲ ಎನ್ನುತ್ತಿದ್ದ.

"ಏನಂತಾರೆ ಮತ್ತೆ?"

"ಒಂಥರಾ ಚೆನ್ನಾಗಿದೆ ಅಂತಾರೆ."

ಮಾರ್ಲಿಸ್ ಸೌಟು ಕೆಳಗಿಟ್ಟಳು. "ನೀನು ಇದೇ ಊರಲ್ಲಿ ಹುಟ್ಟಿದೋನು ತಾನೇ?"

"ಏಳು ಸಲ ಬೇಡ ಅನ್ನಬೇಕು. ಒಂದು ಸಲಾನೂ ಅಂದಿಲ್ವಲ್ಲ" ಎಂದು ವೆಂಡೆಲ್ ಬೂಟು ಬಿಚ್ಚಿದ.

ಕೆರೆಯ ಅಂಚಿಗೆ ತೆಳ್ಳನೆ ಮಂಜುಗಡ್ಡೆ ಕಟ್ಟುವ ಕಾಲ ಬಂತು. ಬಾತುಕೋಳಿಗಳ ಸಾಲುಗಳು ಮನೆಯ ಮೇಲೆ ಕೂಗುತ್ತ ದಕ್ಷಿಣಕ್ಕೆ ಹೋದವು. ಒಂದು ಯಂತ್ರವೂ ಹೋಗಲಿಲ್ಲ. ಅದರ ಬದಲು ಮಾರ್ಲಿಸಳ ಮನೆಗೆ ಊಟ ಬರತೊಡಗಿತು.

ಮೊದಲು ಬರ್ನಿಸ್ ಬಂದಳು. ನಾರ್ಬಿಯ ಲೂಥರನ್ ಚರ್ಚಿನ ಹೆಂಗಸರ ಸಂಘಕ್ಕೆ ಅವಳು ಹಿರಿಯಳು. ಅವಳ ಕಿಟಕಿಗಾಜು ಎಷ್ಟು ಶುಭ್ರವೆಂದರೆ ಹಕ್ಕಿಗಳು ಬಂದು ಢಿಕ್ಕಿ ಹೊಡೆಯುತ್ತಿದ್ದವು. ಬಾಗಿಲಲ್ಲಿ ನಿಂತು, ಬಟ್ಟೆ ಸುತ್ತಿದ ಬಿಸಿ ಪಾತ್ರೆಯೊಂದನ್ನು ಮಾರ್ಲಿಸಳ ಕೈಗಿಟ್ಟು, ಅವಳ ತೋಳು ಸವರಿ, ಏನೂ ಹೇಳದೆ ಹೊರಟುಹೋದಳು. ಒಳಗೆ ಹಾಟ್‌ಡಿಶ್. ಮಾಂಸ, ಬೀನ್ಸು, ಅಣಬೆಯ ಗಟ್ಟಿ ಸಾರು, ಮೇಲೆ ಸೈನಿಕರ ಹಾಗೆ ಸಾಲುಗಟ್ಟಿದ ಆಲೂಗಡ್ಡೆಯ ಉಂಡೆಗಳು. ಅದು ನಾರ್ಬಿಯಲ್ಲಿ ಸುಮ್ಮಸುಮ್ಮನೆ ಮನೆಗೆ ಬರುವ ವಸ್ತುವಲ್ಲ. ಯಾರಾದರೂ ಸತ್ತರೆ ಬರುತ್ತದೆ, ಆಪರೇಷನ್ ಆದರೆ ಬರುತ್ತದೆ, ಗಂಡ ಓಡಿಹೋದರೆ ಬರುತ್ತದೆ.

ಮಾರ್ಲಿಸ್ ಮೊದಲು ಅಮ್ಮನಿಗೆ ಫೋನು ಮಾಡಿ ಎಲ್ಲರೂ ಬದುಕಿದ್ದಾರೆಂದು ಖಾತ್ರಿ ಮಾಡಿಕೊಂಡಳು. ಮರುದಿನ ಪಾದ್ರಿಯ ಹೆಂಡತಿಯಿಂದ ಇನ್ನೊಂದು ಬಂತು. ಆಮೇಲೆ ಟೀಚರಮ್ಮನಿಂದ, ಅಂಚೆಯವನ ಹೆಂಡತಿಯಿಂದ. ಪ್ರತಿ ಪಾತ್ರೆಯ ತಳದಲ್ಲೂ ವಾಪಸು ಬರಲೆಂದು ಯಜಮಾನಿಯ ಹೆಸರು ಬರೆದ ಅಂಟುಪಟ್ಟಿಯ ಚೂರು. ಒಂದು ಮಾತ್ರ, ನೀಲಿ ಹೂಗಳ ಬಿಳಿ ಪಾತ್ರೆ, ಮೆಟ್ಟಿಲ ಮೇಲೆ ತಾನಾಗಿ ಬಂದು ಕೂತಿತ್ತು, ಅದಕ್ಕೆ ಹೆಸರಿರಲಿಲ್ಲ. ವೆಂಡೆಲ್ ಎಲ್ಲವನ್ನೂ ಸಂತೋಷದಿಂದ ತಿಂದ. ಗಿರಾಕಿಗಳ ಪ್ರೀತಿ ಗೆಲ್ಲಬೇಕೆಂದು ಟ್ರೆಂಟ್ ಹೇಳಿದ್ದು ನೆನಪಿದೆಯಾ ಎಂದು ಕೇಳಿದ.

ಮಾರ್ಲಿಸ್ ತಡೆಯಲಾರದೆ ಚರ್ಚಿನ ಅಂಗಳದಲ್ಲಿ ಬರ್ನಿಸಳನ್ನು ನಿಲ್ಲಿಸಿದಳು.

"ಬರ್ನಿಸ್, ನಿಜ ಹೇಳಿ. ನಮ್ಮನೇಲಿ ಏನಾಗಿದೆ?"

"ಏನೂ ಇಲ್ಲ ಮಗಳೇ. ಎಲ್ಲರ ಮನೇಲೂ ಒಂದೊಂದು ಕಾಲ ಹಂಗೇ ಇರತ್ತೆ. ಮೈಯಲ್ಲಿ ಕಸುವು ಇರಲ್ಲ, ಕೈ ಆಡಲ್ಲ."

"ಯಾರ ಕೈ?"

ಬರ್ನಿಸ್ ದನಿ ತಗ್ಗಿಸಿದಳು. "ವೆಂಡೆಲ್ ತೋರಿಸ್ದ ಕಣೇ. ನಿನ್ನ ಮಂಚದ್ದು. ಪಾಪ, ಅವನೂ ಎಷ್ಟು ದಿನ ಮುಚ್ಚಿಟ್ಕೋತಾನೆ?"

ಮನೆಗೆ ಹೋಗುವ ದಾರಿ ಎಂದೂ ಅಷ್ಟು ಚಿಕ್ಕದಾಗಿರಲಿಲ್ಲ. ಮಾರ್ಲಿಸಳ ಸಿಟ್ಟೇ ಕಾರು ಓಡಿಸಿತು. ವೆಂಡೆಲ್ ಅಡಿಗೆಮನೆಯಲ್ಲಿ ಟೀಚರಮ್ಮನ ಹಾಟ್‌ಡಿಶ್ಶಿನ ತಳ ಕೆರೆಯುತ್ತಿದ್ದ. ಅವಳು ಅವನ ಚೀಲವನ್ನು ಮೇಜಿನ ಮೇಲೆ ಸುರಿದಾಗ ಬಿಲ್ಲೆಗಳು ಬಿದ್ದವು. ಹಾಳಾಗದಿರಲೆಂದು ಒಂದೊಂದನ್ನೂ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಮೇಲೆ ಚಂದದ ಅಕ್ಷರದಲ್ಲಿ ಬರೆದಿದ್ದ: ಮಾರ್ಲಿಸ್, ಎಡಬದಿ. ಮಾರ್ಲಿಸ್, ದಿಂಬು. ಮಾರ್ಲಿಸ್, ಕಾಲಿನ ಕಡೆ.

"ಎಷ್ಟು ಮನೆಗೆ ತೋರಿಸಿದೀಯ?"

"ಎಲ್ಲರಿಗೂ" ಎಂದ ವೆಂಡೆಲ್, ಅದೇ ತನ್ನ ಶ್ರದ್ಧೆಗೆ ಸಾಕ್ಷಿ ಎಂಬಂತೆ.

ಆಮೇಲೆ ಅವನು ವಿವರಿಸಿದ. ಬರ್ನಿಸಳಂಥ ಹಿರಿಯಳ ಮನೆಗೆ ಹೋಗಿ, ಅವಳ ಕಾಫಿ ಕುಡಿದು, ಅವಳ ಹಾಸಿಗೆಯ ಕೊಳೆಯನ್ನು ಅವಳ ಕಾಲ ಬುಡದಲ್ಲಿ ಇಡಲು ಅವನಿಗೆ ಮನಸ್ಸಾಗಲಿಲ್ಲವಂತೆ. ನಾರ್ಬಿಯವನಿಂದ ಅದು ಆಗದ ಕೆಲಸ. ಅಲ್ಲಿ ಯಾರಾದರೂ ಹಾಡು ಚೆನ್ನಾಗಿತ್ತೆಂದರೆ ಗಂಟಲು ಕಟ್ಟಿತ್ತು ಅನ್ನಬೇಕು, ಹೊಲ ಚೆನ್ನಾಗಿದೆಯೆಂದರೆ ಪಕ್ಕದವನದ್ದು ಇನ್ನೂ ಚೆನ್ನ ಅನ್ನಬೇಕು. ತನ್ನನ್ನು ತಾನೇ ಒಂದು ಮೆಟ್ಟಿಲು ಕೆಳಗೆ ನಿಲ್ಲಿಸಿಕೊಳ್ಳುವುದೇ ಮರ್ಯಾದೆ. ಅದಕ್ಕೇ ತಮ್ಮ ಮನೆಯದನ್ನೇ ತೋರಿಸಿದ. 'ಗಿರಾಕಿಗೆ ನಿನ್ನ ಸ್ವಂತ ಕಥೆ ಹೇಳು' ಎಂದು ಟ್ರೆಂಟ್ ಕೂಡ ನಾಲ್ಕನೇ ಟೇಪಿನಲ್ಲಿ ಹೇಳಿದ್ದನಲ್ಲ.

"ಸ್ವಂತ ಕಥೆ ಅಂದ್ರೆ ನಿನ್ನ ಹೆಸರು ಬರೀಬೇಕಿತ್ತು. 'ವೆಂಡೆಲ್, ಎಡಬದಿ' ಅಂತ. ಆ ಮಂಚದಲ್ಲಿ ನೀನು ಮಲಗಲ್ವಾ? ಗಾಳೀಲಿ ತೇಲ್ತೀಯಾ?"

ವೆಂಡೆಲ್ ಪ್ರಾಮಾಣಿಕವಾಗಿ ಯೋಚಿಸಿದ. "ನಾನು ಬಲಬದಿ ಮಲಗೋದು" ಎಂದ.

ಅಂದು ಅವನು ಬಲಬದಿಯಲ್ಲೂ ಮಲಗಲಿಲ್ಲ. ಹಾಲ್‌ನ ಸೋಫಾದಲ್ಲಿ ಯಂತ್ರವೂ ಅವನೂ ಜೊತೆಯಾದರು.

ಶನಿವಾರ ಅನಾಹುತದ ಎರಡನೆಯ ಭಾಗ ಬಾಗಿಲು ತಟ್ಟಿತು. ಬರ್ನಿಸ್, ಪಾದ್ರಿಯ ಹೆಂಡತಿ, ಟೀಚರಮ್ಮ, ಅಂಚೆಯವನ ಹೆಂಡತಿ. ಎಲ್ಲರ ತಲೆಗೂ ಬಟ್ಟೆ ಕಟ್ಟಿತ್ತು, ಕೈಯಲ್ಲಿ ಬಕೆಟ್ಟು, ಬ್ರಶ್ಶು, ತಂತಮ್ಮ ಮನೆಯ ಹಳೇ ವ್ಯಾಕ್ಯೂಮ್ ಕ್ಲೀನರುಗಳು. ಸುಮ್ಮನೆ ಮಾತಾಡಿಸಿಕೊಂಡು ಹೋಗೋಣ ಅಂತ ಬಂದೆವು ಎಂದು ಬರ್ನಿಸ್ ಹೇಳಿ ಸೋಪುನೀರು ಕಲೆಸಿದಳು.

ಮಾರ್ಲಿಸ್ ಒದ್ದೋಡಿಸಬೇಕೆಂದುಕೊಂಡಳು. ಬೇಡ ಎಂಬ ಒಂದೇ ಒಂದು ಮಾತು ಸಾಕಿತ್ತು. ಅದು ನಾಲಿಗೆಯ ತುದಿವರೆಗೆ ಬಂತು, ಅಲ್ಲಿ ನಾರ್ಬಿಯ ಮಣ್ಣು ತಗುಲಿ ಜಾರಿತು. "ಕಾಫಿ ಮಾಡ್ಲಾ?" ಎಂಬ ಮಾತು ಹೊರಬಿತ್ತು. ಅವಳು ಕಾಫಿ ಮಾಡಿದಳು. ಅವರು ಅವಳ ಮಂಚ ಎತ್ತಿ ನಿಲ್ಲಿಸಿದರು, ಕಪಾಟಿನ ಮೇಲೆ ಬೆರಳಾಡಿಸಿದರು, ಒಲೆಯ ಹಿಂದೆ ಇಣುಕಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮಾರ್ಲಿಸ್ ಥ್ಯಾಂಕ್ಸ್ ಹೇಳಿದಳು. ಒಂದೊಂದು ಥ್ಯಾಂಕ್ಸೂ ಬಿಸಿ ಕಲ್ಲಿನ ಹಾಗೆ ಗಂಟಲಿಂದ ಹೊರಬಂತು. ಅವರು ಹೋಗುವಾಗ ಬಾಗಿಲಲ್ಲಿ, ಮೆಟ್ಟಿಲಲ್ಲಿ, ಕಾರಿನ ಕಿಟಕಿಯಲ್ಲಿ ಊರ ಪದ್ಧತಿಯಂತೆ ಮೂರು ಬಾರಿ ಬೀಳ್ಕೊಟ್ಟಳು. ಕಾರು ತಿರುವು ದಾಟಿದ ಮೇಲೆ ಮನೆಯೊಳಗೆ ಬಂದು, ಟ್ರೆಂಟನ ನಾಲ್ಕನೇ ಟೇಪನ್ನು ಕ್ಯಾಸೆಟ್ಟಿನಿಂದ ಕರುಳಿನ ಹಾಗೆ ಎಳೆದೆಳೆದು ಹೊರಗೆ ಹಾಕಿದಳು.

ಥ್ಯಾಂಕ್ಸ್‌ಗಿವಿಂಗ್ ಮುಂದಿನ ಗುರುವಾರವೇ. ಬುಧವಾರ ಸಂಜೆಯೊಳಗೆ ಒಂದೂ ಮಾರಾಟವಾಗದಿದ್ದರೆ ಯಂತ್ರ ಹಿಂತಿರುಗಿಸಬೇಕೆಂದು ಟ್ರೆಂಟ್ ಫೋನು ಮಾಡಿ ಹೇಳಿದ. ವೆಂಡೆಲ್ ಅಂಗಡಿಯ ಹಳೇ ಏಪ್ರನ್ನು ಹುಡುಕಿ ತೆಗೆದು, ಇಸ್ತ್ರಿ ಮಾಡತೊಡಗಿದ. ಮಾರ್ಲಿಸಳಿಗೆ ಅವನ ಬಾಗಿದ ಬೆನ್ನು ಕಂಡಿತು. ಅವನ ಮೇಲೆ ಬಂದದ್ದಕ್ಕಿಂತ ದೊಡ್ಡ ಸಿಟ್ಟು ಈಗ ಆ ಏಪ್ರನ್ನಿನ ಮೇಲೆ ಬಂತು. ಸಿಂಕಿನ ಪಕ್ಕದಲ್ಲಿ ತೊಳೆದು ಒರೆಸಿಟ್ಟ ಪಾತ್ರೆಗಳು ಸಾಲಾಗಿ ಕೂತು ಅವಳನ್ನೇ ನೋಡುತ್ತಿದ್ದವು.

ನಾರ್ಬಿಯಲ್ಲಿ ಪಾತ್ರೆಯನ್ನು ಬರಿದಾಗಿ ವಾಪಸು ಕೊಡುವಂತಿಲ್ಲ. ಕುಕ್ಕೀಸೋ ಬನ್ನೋ ಏನಾದರೂ ಒಳಗಿರಲೇಬೇಕು.

ಸೋಮವಾರ ಬೆಳಿಗ್ಗೆ ಅವಳು ಯಂತ್ರವನ್ನು ಕಾರಿಗೆ ಹೇರಿದಳು. ಬರ್ನಿಸಳ ಬಾಗಿಲಲ್ಲಿ ಒಂದು ಕೈಯಲ್ಲಿ ಖಾಲಿ ಪಾತ್ರೆ, ಇನ್ನೊಂದು ಕೈಯಲ್ಲಿ ಯಂತ್ರದ ಮೂತಿ ಹಿಡಿದು ನಿಂತಳು. ನಗಲಿಲ್ಲ. ಟ್ರೆಂಟ್ ಹೇಳಿದ್ದರಲ್ಲಿ ಒಂದನ್ನೂ ಮಾಡಲಿಲ್ಲ.

"ಪಾತ್ರೆ ತಂದಿದೀನಿ. ಒಳಗೆ ಇಡೋದಕ್ಕೆ ಏನೂ ತಂದಿಲ್ಲ, ನಿಮ್ಮನೇಲೇ ಮಾಡ್ಕೊಡ್ತೀನಿ. ಮಲಗೋ ಕೋಣೆ ಈ ಕಡೆ ಅಲ್ವಾ?"

ಬರ್ನಿಸ್‌ಗೂ ಬೇಡ ಎನ್ನಲು ಬರುತ್ತಿರಲಿಲ್ಲ. ಅವಳೂ ಅದೇ ಊರಿನವಳು. ಮಾರ್ಲಿಸ್ ದಪ್ಪ ಹೆಜ್ಜೆ ಹಾಕುತ್ತ ಒಳಹೋಗಿ, ಗುಲಾಬಿ ಹೊದಿಕೆ ಸರಿಸಿ, ಶನಿವಾರದ ಸಿಟ್ಟನ್ನೆಲ್ಲ ಹಿಡಿಕೆಗೆ ಹೇರಿ ಯಂತ್ರ ಓಡಿಸಿದಳು. ಕಿಟಕಿಗಾಜು ನಡುಗಿತು. ಗೋಡೆಯ ಮೇಲಿನ ಬರ್ನಿಸಳ ದಿವಂಗತ ಗಂಡನ ಫೋಟೋ ವಾಲಿತು. ಆಮೇಲೆ ಬಿಲ್ಲೆಯನ್ನು ತೆಗೆದು, ಬೆಳಕಿಗೆ ಹಿಡಿಯದೆ, ಒಂದು ಮಾತೂ ಆಡದೆ, ಬರ್ನಿಸಳದೇ ಪಾತ್ರೆಯೊಳಗೆ ಮೆಲ್ಲಗೆ ಮಲಗಿಸಿ ಮುಚ್ಚಳ ಹಾಕಿ ಅವಳ ಕೈಗೆ ಕೊಟ್ಟಳು.

ಬರ್ನಿಸ್ ಮುಚ್ಚಳ ತೆಗೆದಳು. ಮುಚ್ಚಿದಳು. ಮತ್ತೆ ಸ್ವಲ್ಪ ತೆಗೆದು ನೋಡಿದಳು.

"ಇಲ್ಲಿಂದ ಎಲ್ಲಿಗೆ ಹೋಗ್ತೀಯ?" ಎಂದಳು ಕೊನೆಗೆ.

"ಪಾದ್ರಿಗಳ ಮನೆಗೆ. ಅವರದೂ ಒಂದು ಪಾತ್ರೆ ಇದೆ. ನನ್ನ ಮಂಚದ್ದು ಅವರೆಲ್ಲ ನೋಡಿ ಆಗಿದೆ. ಬೇರೆ ಯಾರದಾದ್ರೂ ಹೊಸದು ತೋರಿಸ್ಬೇಕು."

ಬರ್ನಿಸ್ ಪಾತ್ರೆಯನ್ನು ಎದೆಗೊತ್ತಿಕೊಂಡಳು. "ಈ ಯಂತ್ರ ಮನೆಗೆ ಬರೋಕೆ ಎಷ್ಟು ದಿನ ಆಗತ್ತೆ ಮಗಳೇ?" ಎಂದಳು.

ಪಾದ್ರಿಯ ಹೆಂಡತಿ ಯಂತ್ರವನ್ನು ಹೊಸಿಲು ದಾಟಗೊಡಲಿಲ್ಲ. ಬರ್ನಿಸಳ ಫೋನು ಮಾರ್ಲಿಸಳ ಕಾರಿಗಿಂತ ಮುಂಚೆ ತಲುಪಿತ್ತು. ಅವಳು ಬಾಗಿಲಲ್ಲೇ, ಚಳಿಯಲ್ಲಿ, ಕೈಗವಸು ಹಾಕಿಕೊಂಡೇ ಸಹಿ ಹಾಕಿದಳು. ಟೀಚರಮ್ಮ ಗೇಟಿನ ಬಳಿಗೇ ಬಂದು ಹಾಕಿದಳು. ಅಂಚೆಯವನ ಹೆಂಡತಿ ಪೆನ್ನು ಹಿಡಿದು ರಸ್ತೆಯಲ್ಲೇ ಕಾಯುತ್ತಿದ್ದಳು. ಮಾರ್ಲಿಸ್ ಮನೆಗೆ ಬಂದಾಗ ವೆಂಡೆಲ್ ಇಸ್ತ್ರಿಪೆಟ್ಟಿಗೆ ಹಿಡಿದು ನಿಂತೇ ಇದ್ದ. ಅವಳು ಅವನ ಕೈಯಿಂದ ಏಪ್ರನ್ ಕಿತ್ತುಕೊಂಡು ಅದರಲ್ಲೇ ಯಂತ್ರದ ಚಕ್ರ ಒರೆಸಿದಳು.

ಗುರುವಾರ ಅಪ್ಪನ ಮನೆಗೆ ಹೊರಟಾಗ ಮಾರ್ಲಿಸಳ ನಡಿಗೆಯಲ್ಲಿ ಬ್ಯಾಂಡು ಬಾರಿಸುತ್ತಿತ್ತು. ಗೆದ್ದ ಯಂತ್ರವನ್ನು ಅಪ್ಪನಿಗೆ ತೋರಿಸಲೆಂದು ಕಾರಿನ ಹಿಂದಿನ ಸೀಟಿನಲ್ಲಿ ಕೂರಿಸಿದ್ದಳು. ಅಮ್ಮ ಬೇಯಿಸಿದ ಹಬ್ಬದ ಟರ್ಕಿಕೋಳಿಗೆ ಅಪ್ಪ ಚಾಕು ಇಡುವ ಮೊದಲೇ ಮಾರಾಟದ ಸುದ್ದಿಯನ್ನು ಮೇಜಿನ ಮೇಲಿಟ್ಟಳು. ಒಂದಲ್ಲ, ನಾಲ್ಕು. ಇನ್ನು ನಿನ್ನ ಮೊಳೆಗಳನ್ನು ನೀನೇ ಜೋಡಿಸಿಕೊ ಎಂದಳು. ಅಪ್ಪ ದೊಡ್ಡದೊಂದು ಉಸಿರು ಬಿಟ್ಟು, ತೊಡೆಯ ಭಾಗದ ಒಳ್ಳೇ ತುಂಡನ್ನು ಅಳಿಯನ ತಟ್ಟೆಗೆ ಹಾಕಿದ. ಸೋತವನ ಉಸಿರು ಎಂದು ಮಾರ್ಲಿಸ್ ಅಂದುಕೊಂಡಳು.

ಆಮೇಲೆ, ಯಾರದೆಂದು ತಿಳಿಯದೆ ಉಳಿದಿದ್ದ ನೀಲಿ ಹೂಗಳ ಪಾತ್ರೆಯನ್ನು ಚೀಲದಿಂದ ತೆಗೆದು, ಇದು ಯಾರ ಮನೆಯದಿರಬಹುದೆಂದು ಅಮ್ಮನನ್ನು ಕೇಳಿದಳು.

"ನಂದೇ ಕಣೇ" ಎಂದಳು ಅಮ್ಮ. "ಮಗಳ ಮನೆಗೆ ಹೋಗೋ ಪಾತ್ರೆಗೆ ಯಾರಾದ್ರೂ ಹೆಸರು ಅಂಟಿಸ್ತಾರಾ?" ಮುಚ್ಚಳ ಎತ್ತಿ ನೋಡಿ, "ಬರಿದೇ ತಂದಿದೀಯಲ್ಲ" ಎಂದಳು.

ಹೆತ್ತ ತಾಯಿ! ಸತ್ತವರ ಮನೆಗೆ ಕಳಿಸುವ ಊಟವನ್ನು ಮೆಟ್ಟಿಲ ಮೇಲಿಟ್ಟು ಹೋದವಳು ಹೆತ್ತ ತಾಯಿ. ಮಾರ್ಲಿಸಳಿಗೆ ಮೂರು ದಿನದಿಂದ ಆರಿದ್ದ ಸಿಟ್ಟು ಮತ್ತೆ ಹೊತ್ತಿಕೊಂಡಿತು. ಎದ್ದು, ಕಾರಿನಿಂದ ಯಂತ್ರ ಎಳೆದು ತಂದು, ಅಮ್ಮನ ಮಲಗುವ ಕೋಣೆಗೆ ನುಗ್ಗಿದಳು. ಗುಟುರು ಎದ್ದಿತು. ಊಟದ ಮೇಜಿನ ಮೇಲೆ ಲೋಟಗಳು ಗಲಗಲ ಎಂದವು.

ಬಿಲ್ಲೆ ತೆಗೆದಳು. ಬಿಳಿ.

ಹೊಸ ಬಿಲ್ಲೆ ಹಾಕಿ ದಿಂಬಿನ ಕಡೆ ಓಡಿಸಿದಳು. ಬಿಳಿ. ಮಂಚದ ಕೆಳಗೆ, ಕಾರ್ಪೆಟ್ಟಿನ ಅಂಚಿನಲ್ಲಿ, ಪರದೆಯ ಹಿಂದೆ. ಅಂದು ಮುಂಜಾನೆ ಬಿದ್ದ ಹಿಮದಷ್ಟು ಬಿಳಿ. ವೆಂಡೆಲ್ ಬಂದು ಮೂತಿಯನ್ನು ತಟ್ಟಿ, ಕೆಟ್ಟಿಲ್ಲ ಎಂದ. ಮಾರ್ಲಿಸ್ ನೆಲದ ಮೇಲೆ ಬಿಳಿ ಬಿಲ್ಲೆಗಳ ನಡುವೆ ಕೂತುಬಿಟ್ಟಳು. ಇಡೀ ನಾರ್ಬಿಯಲ್ಲಿ ಇಂಥ ಮಂಚವಿತ್ತೇ? ಇಂಥ ತಾಯಿಯ ಹೊಟ್ಟೆಯಲ್ಲಿ ಹುಟ್ಟಿ ತಾನು ಬೂದಿಯ ಮೇಲೆ ಮಲಗಿದ್ದೆನೇ?

ಬಾಗಿಲಲ್ಲಿ ನಿಂತಿದ್ದ ಅಮ್ಮ ಗಂಡನ ಮುಖ ನೋಡಿದಳು. ಅವಳ ಹಿಂದೆಯೇ ಚಾಕು ಹಿಡಿದು ಬಂದಿದ್ದ ಓರ್ವಿಲ್ ಟರ್ಕಿ ಅಗಿಯುತ್ತ ಸೀಲಿಂಗ್ ನೋಡಿದ. ಅಮ್ಮ ನಿಧಾನವಾಗಿ ಬಟ್ಟೆಯ ಕಪಾಟಿನ ಬಾಗಿಲು ತೆರೆದಳು.

ಚಳಿಯ ಕೋಟುಗಳ ಕೆಳಗೆ, ಹೊಳೆಯುವ ಲೋಹದ ಮೈಯ ಹೋರಿಯೊಂದು ಮಲಗಿತ್ತು.

"ನೀನು ಶಪಥ ಮಾಡಿದೆಯಲ್ಲ, ಅದರ ಮಾರನೇ ದಿನವೇ ಟ್ರೆಂಟ್‌ಗೆ ಫೋನ್ ಮಾಡಿ ಕೊಂಡ್ಕೊಂಡೆ" ಎಂದ ಓರ್ವಿಲ್. "ಕೊನೇ ದಿನದವರೆಗೂ ವೆಂಡೆಲ್ ಕೈಲಿ ಒಂದೂ ಮಾರಾಟ ಆಗ್ಲಿಲ್ಲ ಅಂದ್ರೆ ಇದನ್ನ ಅವನ ಹೆಸರಿಗೇ ಬರ್ಕೊಳ್ಳಿ ಅಂದಿದ್ದೆ."

ಮಾರ್ಲಿಸಳ ಕಣ್ಣು ಮಂಜಾಯಿತು. ನಿಟ್ಟುಸಿರು ಬಿಟ್ಟೇ ಬದುಕಿದ ಈ ಮುದುಕನ ಎದೆಯಲ್ಲಿ ಅಳಿಯನ ಮರ್ಯಾದೆಯ ಬಗ್ಗೆ ಇಷ್ಟು ಕಾಳಜಿ ಇತ್ತಲ್ಲ, ಮೇಜು ಕುಟ್ಟಿ ಮಾತಾಡಿದೆನಲ್ಲ ಎಂದು ಅವಳು ಅಪ್ಪನ ಕಡೆ ತಿರುಗಿದಳು. "ಅಪ್ಪ, ಇವನಿಗೋಸ್ಕರ ಇಷ್ಟೆಲ್ಲ..."

"ಇವನಿಗೋಸ್ಕರ ಯಾಕೆ?" ಓರ್ವಿಲ್ ಚಾಕು ಕೆಳಗಿಟ್ಟ. "ಕೈ ಹಿಡ್ಕೊಂಡು ಬಂದು ನನ್ನ ಅಂಗಡೀಲೇ ಬಿಡ್ತೀನಿ, ಜೀವ ಇರೋ ತನಕ ಮೊಳೆ ವಿಂಗಡಿಸ್ಲಿ ಅಂದ್ಯಲ್ಲ ತಾಯೀ. ಅವತ್ತಿಂದ ನಂಗೆ ನಿದ್ದೇನೇ ಇರ್ಲಿಲ್ಲ."

ವೆಂಡೆಲ್ ಒಬ್ಬನೇ ಲೆಕ್ಕ ಹಾಕುತ್ತಿದ್ದ; ಅವನ ಮುಖ ನಿಧಾನವಾಗಿ ಅರಳಿತು.

"ಹಂಗಾದ್ರೆ ಮಾರ್ಲಿಸ್, ಮೊಟ್ಟಮೊದಲನೇ ಯಂತ್ರ ಮಾರಾಟ ಆಗಿದ್ದು ನನ್ನಿಂದಲೇ. ಅಲ್ವಾ?"

ಮಾರ್ಲಿಸ್ ಅಪ್ಪನನ್ನು ನೋಡಿದಳು, ಗಂಡನನ್ನು ನೋಡಿದಳು. ಬಿಳಿ ಬಿಲ್ಲೆಯೊಂದನ್ನು ಎತ್ತಿ ಅಮ್ಮನ ನೀಲಿ ಹೂಗಳ ಪಾತ್ರೆಯೊಳಗಿಟ್ಟು ಮುಚ್ಚಳ ಹಾಕಿದಳು.

"ಹೂಂ" ಎಂದಳು. "ಅದೂ ಒಂಥರಾ ಚೆನ್ನಾಗಿದೆ."